ಊರಿನ ಬ್ಲಾಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಸುತ್ತಲಿನ ಹಳ್ಳಿಗಳ ಬಗ್ಗೆ ಬ್ಲಾಗಿನಲ್ಲಿ ಬರೆಯಲು ಶುರು ಮಾಡಿ ಹನ್ನೆರಡು ವರ್ಷ ದಾಟಿತು. ಮದುವೆ ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅಡಿಕೆ ಮಂಡಿ ಮುಂದೆ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೆಲವರಿಗೆ ತಾವೂ ಬರೆಯುವ ಆಸೆ. ಕೆಲವರಿಗೆ ಇವನಿಗೆ ಬೇರೆ ಕೆಲಸ ಇಲ್ವಾ ಅನ್ನೋ ಅನುಮಾನ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಪೇಪರ್ ಇದೆ, ಟಿವಿ ಇದೆ. ಊರಿಗೊಂದು ಬ್ಲಾಗ್ ಯಾಕೆ ಬೇಕು?

ನಾನು ಶುರು ಮಾಡಿದ್ದೇ ಲಾಂಚ್ ಟೈಮಿನಿಂದ. ಲಿಂಗನಮಕ್ಕಿ ಹಿನ್ನೀರಿನ ಆಚೆ ತುಮರಿ, ಸಿಗಂದೂರು ಕಡೆಗೆ ಹೋಗಬೇಕಾದರೆ ಅಂಬಾರಗೋಡ್ಲು ದಡದಲ್ಲಿ ಲಾಂಚ್ ಹತ್ತಬೇಕಿತ್ತು. ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು. ಇದು ಯಾವ ಪೇಪರಿನ ಮುಖಪುಟಕ್ಕೂ ಬರುವ ಸುದ್ದಿ ಅಲ್ಲ. ಆದರೆ ಮಗುವಿಗೆ ಜ್ವರ ಬಂದವರಿಗೆ, ಪರೀಕ್ಷೆಗೆ ಹೊರಟವರಿಗೆ, ಬೆಂಗಳೂರಿಂದ ಸಿಗಂದೂರು ದೇವಿಗೆ ಹರಕೆ ತೀರಿಸಲು ಬಂದವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ.

ಒಂದು ಸಲ ನಾನೇ ಕೊನೆಯ ಲಾಂಚ್ ತಪ್ಪಿಸಿಕೊಂಡೆ. ದಡದ ಅಂಗಡಿಯಲ್ಲಿ ಅವಲಕ್ಕಿ ತಿಂದು ಬೆಂಚಿನ ಮೇಲೆ ಮಲಗಿದೆ. ಮಾರನೇ ದಿನ ವೇಳೆಗಳನ್ನು ಕೇಳಿ ಬರೆದುಕೊಂಡು ಬಂದು ಹಾಕಿದೆ. ಅದೇ ನನ್ನ ಮೊದಲ ಪುಟ. ಇವತ್ತಿಗೂ ಅದಕ್ಕಿಂತ ಜಾಸ್ತಿ ಜನ ಓದಿದ್ದನ್ನು ನಾನು ಬರೆದಿಲ್ಲ. ಸ್ವಲ್ಪ ಬೇಜಾರೇ. ಕಷ್ಟಪಟ್ಟು ಬರೆದ ಪ್ರಬಂಧಗಳನ್ನು ಯಾರೂ ಕೇಳುವುದಿಲ್ಲ, ಲಾಂಚ್ ಟೈಮ್ ಕೇಳುತ್ತಾರೆ.

ಅದಕ್ಕೆ ವಾಟ್ಸಾಪ್ ಗ್ರೂಪ್ ಸಾಕಲ್ವಾ?

ಇವತ್ತಿನ ಮಟ್ಟಿಗೆ ಸಾಕು. ಕರೆಂಟ್ ಯಾವಾಗ ಬರುತ್ತೆ, ಯಾರ ಮನೆ ದನ ತಪ್ಪಿಸಿಕೊಂಡಿದೆ, ಇದಕ್ಕೆಲ್ಲ ವಾಟ್ಸಾಪ್ ಬಿಟ್ಟರೆ ಬೇರೆ ಇಲ್ಲ. ಹೋದ ವರ್ಷ ಯಾರೋ ಹಾಕಿದ್ದ ಕೆರೆ ಹೂಳಿನ ಲೆಕ್ಕ ಬೇಕು ಅಂದಾಗ ಕಷ್ಟ ಗೊತ್ತಾಗುತ್ತದೆ. ಶುಭೋದಯದ ಹೂವುಗಳ ಕೆಳಗೆ ಅದು ಎಲ್ಲೋ ಹೂತುಹೋಗಿರುತ್ತದೆ. ಗ್ರೂಪಿಗೆ ನಿನ್ನೆ ಸೇರಿದವನಿಗೆ ಮೊನ್ನೆಯದ್ದು ಸಿಗುವುದಿಲ್ಲ. ಫೋನ್ ಬದಲಾದರೆ ಅದೂ ಇಲ್ಲ.

ಬ್ಲಾಗಿನಲ್ಲಿ ಬರೆದದ್ದಕ್ಕೆ ತಾರೀಖು ಇರುತ್ತದೆ, ವಿಳಾಸ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಹಾಗಂತ ವಾಟ್ಸಾಪಿನ ಜೊತೆ ಜಗಳ ಬೇಡ. ಜನ ಇರುವುದು ಅಲ್ಲಿಯೇ. ನಾನು ಬ್ಲಾಗಿನಲ್ಲಿ ಬರೆದು, ಅದರ ಲಿಂಕನ್ನು ಎರಡು ಸಾಲಿನ ಸಾರಾಂಶದ ಜೊತೆ ಗ್ರೂಪಿಗೆ ಹಾಕುತ್ತೇನೆ. ಬರೀ ಲಿಂಕ್ ಹಾಕಿದರೆ ಯಾರೂ ಒತ್ತುವುದಿಲ್ಲ, ಇದು ಅನುಭವದ ಮಾತು.

ನಮ್ಮೂರಲ್ಲಿ ಏನೂ ನಡೆಯೋದೇ ಇಲ್ಲ. ಏನಂತ ಬರೆಯೋದು?

ಎಲ್ಲರಿಗೂ ತಮ್ಮ ಊರು ಹಾಗೇ ಅನಿಸುತ್ತದೆ. ನೀವು ಊರಿಗೆ ಹೊಸದಾಗಿ ಬಂದ ಶಾಲೆಯ ಮೇಷ್ಟ್ರು ಅಂದುಕೊಳ್ಳಿ. ಏನೇನು ಕೇಳುತ್ತೀರಿ? ವಾರದ ಸಂತೆ ಯಾವತ್ತು, ರಾತ್ರಿ ಔಷಧಿ ಅಂಗಡಿ ಯಾವುದು ತೆಗೆದಿರುತ್ತದೆ, ಕೊನೆಯ ಬಸ್ಸು ಎಷ್ಟಕ್ಕೆ, ಬಾವಿ ನೀರು ಯಾವ ತಿಂಗಳಿಗೆ ಬತ್ತುತ್ತದೆ. ಅದೆಲ್ಲ ಒಂದೊಂದು ಪುಟ.

ಆಮೇಲೆ ವರ್ಷದ ಚಕ್ರ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಂದಾಗ ಯಾರು ಯಾವಾಗ ಬೋರ್ಡೋ ದ್ರಾವಣ ಹೊಡೆದರು, ಮಳೆ ಎಷ್ಟು ದಿನ ಬಿಡುವು ಕೊಟ್ಟಿತು. ಆಲೆಮನೆ ಎಲ್ಲಿ ಹೂಡಿದ್ದಾರೆ. ಮಿಡಿ ಮಾವು ಈ ಸಲ ಹಿಡಿದಿದೆಯೋ ಇಲ್ಲವೋ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬೆ ಜಾತ್ರೆಯಲ್ಲಿ ಯಾವ ರಸ್ತೆ ಬಂದ್, ಗಾಡಿ ಎಲ್ಲಿ ನಿಲ್ಲಿಸಬೇಕು. ಜಾತ್ರೆಯ ಇತಿಹಾಸವನ್ನು ಹತ್ತು ಜನ ಬರೆದಿರುತ್ತಾರೆ, ಗಾಡಿ ನಿಲ್ಲಿಸುವ ಜಾಗ ಒಬ್ಬರೂ ಬರೆದಿರುವುದಿಲ್ಲ.

ಮೂರನೆಯದು ನೆನಪು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಇಷ್ಟದ ವಿಷಯ. ಸಾಗರದ ಹತ್ತಿರವೇ ಇರುವ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಭತ್ತ ಅಳೆಯುವ ಕೊಳಗದ ಅಳತೆಯೂ ಜಗಳದ ಒಂದು ಮೂಲ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು ಅನ್ನುವುದು ಒಕ್ಕಲುಗಳ ದೂರು. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನವಾಯಿತು. ಇಷ್ಟು ಪುಸ್ತಕಗಳಲ್ಲೇ ಇದೆ. ಆದರೆ ಆ ಕಾಲದ ಒಂದು ಕೊಳಗ ನಿಮ್ಮ ಅಟ್ಟದ ಮೇಲೆ ಇರಬಹುದು. ಅದಕ್ಕೆ ಎಷ್ಟು ಸೇರು ಹಿಡಿಯುತ್ತದೆ ಅಂತ ಅಕ್ಕಿ ಸುರಿದು ಅಳೆದು, ಫೋಟೊ ತೆಗೆದು ಹಾಕಿದರೆ ಅದು ಯಾವ ಪುಸ್ತಕದಲ್ಲೂ ಇಲ್ಲದ ವಿಷಯ. ಅಜ್ಜಿಯಂದಿರನ್ನು ಕೂರಿಸಿಕೊಂಡು "ಹೋರಾಟದ ಬಗ್ಗೆ ಹೇಳಿ" ಅಂದರೆ "ನಂಗೇನು ಗೊತ್ತು ಮಾರಾಯ" ಅನ್ನುತ್ತಾರೆ. "ಆ ವರ್ಷ ಮನೇಲಿ ಊಟಕ್ಕೆ ಏನಿತ್ತು" ಅಂತ ಕೇಳಿ. ಎರಡು ಗಂಟೆ ಮಾತಾಡುತ್ತಾರೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು ಬಿಟ್ಟು ಬಂದವರ ಮನೆಗಳಲ್ಲೂ ಹಾಗೆಯೇ. ಮುಳುಗಿದ ಊರಿನ ಹೆಸರುಗಳು, ಮನೆಗಳ ಸಾಲು, ದೇವಸ್ಥಾನ ಇದ್ದ ದಿಕ್ಕು, ಇದನ್ನು ಹೇಳಬಲ್ಲವರಿಗೆ ಈಗ ಎಂಬತ್ತರ ಹತ್ತಿರ ವಯಸ್ಸು. ಬರೆಯಲು ಏನೂ ಇಲ್ಲ ಅನ್ನುವವರು ದಯವಿಟ್ಟು ಮೊದಲು ಅಲ್ಲಿಗೆ ಹೋಗಿ.

ಬ್ಲಾಗ್ ಕಾಲ ಮುಗೀತು ಅಂತಾರಲ್ಲ?

ಭರಾಟೆಯ ಕಾಲ ಮುಗಿದಿದೆ, ನಿಜ. ಬ್ಲಾಗ್ ಬರೆಯುವ ತಾಣ ಬ್ಲಾಗರ್ ಬಂದದ್ದು 1999ರಲ್ಲಿ, ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ. ಆದರೆ ಕನ್ನಡದವರಿಗೆ ಅದರಿಂದ ತಕ್ಷಣ ಉಪಯೋಗ ಆಗಲಿಲ್ಲ. ಬರಹ, ನುಡಿ ತಂತ್ರಾಂಶಗಳಲ್ಲಿ ಟೈಪ್ ಮಾಡುತ್ತಿದ್ದರೂ ಅದೇ ಫಾಂಟ್ ಇಲ್ಲದವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್ ಬಳಕೆಗೆ ಬಂದ ಮೇಲೆ ದಾರಿ ತೆರೆಯಿತು. 2005ರಲ್ಲಿ ಕನ್ನಡದ ಸಮುದಾಯ ತಾಣ ಸಂಪದ ಶುರುವಾಯಿತು, ಆ ನಂತರದ ನಾಲ್ಕೈದು ವರ್ಷ ಕನ್ನಡದಲ್ಲಿ ದಿನಕ್ಕೊಂದು ಹೊಸ ಬ್ಲಾಗ್ ಹುಟ್ಟುತ್ತಿದೆಯೇನೋ ಅನಿಸುತ್ತಿತ್ತು. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಹೋದರು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಹೊಸ ಬರಹ ಬಂದಿದೆ ಅಂತ ತಿಳಿಯುವ ಸುಲಭದ ದಾರಿಯೂ ಹಲವರಿಗೆ ಹೋಯಿತು.

ನಾನು ಶುರು ಮಾಡಿದ್ದು ಸರಿಯಾಗಿ ಆ ವರ್ಷವೇ. ಸಂತೆ ಮುಗಿದ ಮೇಲೆ ತರಕಾರಿ ತಂದ ಹಾಗೆ. ಒಳ್ಳೆಯದೇ ಆಯಿತು ಅನ್ನಿ. ಮೆಚ್ಚುಗೆಗಾಗಿ ಬರೆಯುವವರು ಬೇರೆ ಕಡೆ ಹೋಗಿದ್ದರು, ವಿಷಯ ಹುಡುಕಿಕೊಂಡು ಬರುವವರು ಉಳಿದಿದ್ದರು. ಕಥೆ, ಕವಿತೆಯ ಬ್ಲಾಗುಗಳು ಹೆಚ್ಚಾಗಿ ನಿಂತುಹೋದವು. ಊರಿನ ವಿಷಯ ಬರೆದವು ಸತ್ತಂತೆ ಕಂಡರೂ ಇನ್ನೂ ಓದಿಸಿಕೊಳ್ಳುತ್ತಿವೆ. ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಅಶೋಕವರ್ಧನರು 2012ರಲ್ಲಿ ಅಂಗಡಿ ಮುಚ್ಚಿದರು, ಬರೆಯುವುದನ್ನು ಮುಚ್ಚಲಿಲ್ಲ. ಬೆಟ್ಟ, ಸೈಕಲ್ ಸವಾರಿ, ಯಕ್ಷಗಾನ ಅಂತ ತಮ್ಮ ಸುತ್ತಲಿನ ಜಗತ್ತನ್ನೇ ಜಾಲತಾಣದಲ್ಲಿ ಬರೆದರು. ಅಂಗಡಿಗೆ ಹೋದರೆ ಸಿಗುತ್ತಿದ್ದ ಹರಟೆಯೇ ಅಲ್ಲಿ ಮುಂದುವರಿದ ಹಾಗಿತ್ತು.

ಪುಸ್ತಕದ ಕನ್ನಡವೋ, ನಮ್ಮ ಕಡೆಯ ಮಾತೋ?

ನಾನು ಪುಸ್ತಕದ ಕನ್ನಡಕ್ಕೆ ಹತ್ತಿರ ಬರೆಯುತ್ತೇನೆ, ಹೊರಗಿನವರಿಗೂ ಅರ್ಥವಾಗಲಿ ಅಂತ. ವಸ್ತುಗಳ ಹೆಸರನ್ನು ಮಾತ್ರ ಬದಲಿಸುವುದಿಲ್ಲ. ಉಣುಗು (ರಕ್ತ ಹೀರುವ ಉಣ್ಣೆ ಹುಳು) ಉಣುಗೇ, ಅಡಿಕೆ ಮರದ ಹಾಳೆ ಹಾಳೆಯೇ, ತಂಬುಳಿ ತಂಬುಳಿಯೇ.

ಪೂರ್ತಿ ಮನೆಮಾತಿನಲ್ಲಿ ಬರೆಯಬಹುದಾ ಅಂದರೆ, ಧಾರಾಳವಾಗಿ. ಹವ್ಯಕ ಕನ್ನಡದಲ್ಲೇ ಬರುವ ಒಪ್ಪಣ್ಣ ಜಾಲತಾಣ ನೋಡಿ. ಬರೆಯುವವರಲ್ಲಿ ಹಲವರು ಮಾವ, ಅಕ್ಕ, ಅಣ್ಣ ಅಂತ ಸಂಬಂಧದ ಹೆಸರಿಟ್ಟುಕೊಂಡೇ ಬರೆದರು. ಓದುವಾಗ ಜಗಲಿಯಲ್ಲಿ ಕೂತ ಹಾಗೆ ಇರುತ್ತದೆ. ಅರೆಭಾಷೆ, ಕುಂದಾಪುರದ ಕನ್ನಡ, ಧಾರವಾಡದ ಕನ್ನಡ ಯಾವುದಾದರೂ ಸರಿ. ಒಂದೇ ಎಚ್ಚರಿಕೆ: ಊರಿನ ಒಂದು ಜಾತಿಯ ಮಾತಿನಲ್ಲಿ ಮಾತ್ರ ಬರೆದು ಅದನ್ನು "ಇಡೀ ಊರಿನ ಬ್ಲಾಗ್" ಅಂತ ಕರೆಯಬೇಡಿ. ಪಕ್ಕದ ಕೇರಿಯವರಿಗೆ ಅದು ಬೇರೆ ಥರ ಕೇಳಿಸುತ್ತದೆ.

ಟೈಪ್ ಮಾಡಲು ಬರುವುದಿಲ್ಲ.

ಫೋನಿನಲ್ಲಿ ಮಾತಾಡಿದರೆ ಈಗ ಅದೇ ಬರೆದುಕೊಳ್ಳುತ್ತದೆ. ತಪ್ಪು ತಿದ್ದಬೇಕು ಅಷ್ಟೇ. ಕಂಪ್ಯೂಟರಿನಲ್ಲಾದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತುಬಿಡಿ, ಒಂದು ವಾರದ ಕೆಲಸ. ಊರಿನ ಡಿಟಿಪಿ ಅಂಗಡಿಯವರು ಕೊಟ್ಟ ಹಳೇ ನುಡಿ ಫೈಲನ್ನು ಹಾಗೇ ಹಾಕಬೇಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯುನಿಕೋಡಿಗೆ ಬದಲಿಸಿಕೊಂಡು ಹಾಕಿ.

ಬ್ಲಾಗರ್ ಒಳ್ಳೆಯದೋ, ವರ್ಡ್‌ಪ್ರೆಸ್ಸೋ?

ಎರಡೂ ಸರಿ. ಇದನ್ನೇ ಮೂರು ತಿಂಗಳು ಯೋಚಿಸಿದವರು ಒಂದು ಸಾಲೂ ಬರೆದದ್ದನ್ನು ನಾನು ಕಂಡಿಲ್ಲ.

ಹೆಸರು ಹಾಕಬೇಕಾ? ಗುಟ್ಟಾಗಿ ಬರೆದರೆ ಆಗಲ್ವಾ?

ಊರಲ್ಲಿ ಗುಟ್ಟು ಅನ್ನುವುದು ಒಂದು ವಾರ ಉಳಿಯುತ್ತದೆ. ನೀವು ಬಳಸುವ ಒಂದು ಪದದಿಂದ, ಫೋಟೊದಲ್ಲಿ ಕಂಡ ಒಂದು ಗೋಡೆಯಿಂದ ಕಂಡುಹಿಡಿಯುತ್ತಾರೆ. ಆಮೇಲೆ "ಹೆದರಿಕೊಂಡು ಬರೆದ" ಅನ್ನುತ್ತಾರೆ. ಅದಕ್ಕಿಂತ ಮೊದಲೇ ಹೆಸರು ಹಾಕುವುದು ಒಳ್ಳೆಯದು. ಸರ್ಕಾರಿ ನೌಕರಿಯಲ್ಲಿದ್ದರೆ ನಿಮ್ಮ ಸೇವಾ ನಿಯಮ ಓದಿಕೊಳ್ಳಿ. ಹೆಣ್ಣುಮಕ್ಕಳು ಬೇರೆ ಹೆಸರಿನಲ್ಲಿ ಬರೆಯುತ್ತೇನೆ ಅಂದರೆ ನಾನು ವಾದ ಮಾಡುವುದಿಲ್ಲ. ಅವರಿಗೆ ಬರುವ ಸಂದೇಶಗಳನ್ನು ನೋಡಿದ್ದೇನೆ.

ಹೆಸರು ಹಾಕಿ ಬರೆಯುವುದರಲ್ಲಿ ಇನ್ನೊಂದು ಲಾಭ ಇದೆ. ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ದೂರದ ಮಂತ್ರಿಗೆ ಏನು ಬೇಕಾದರೂ ಬೈಯಬಹುದು. ವಾರ್ಡಿನ ಸದಸ್ಯರ ಬಗ್ಗೆ ಬರೆದರೆ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಅವರ ಹಿಂದೆಯೇ ಕ್ಯಾನ್ ಹಿಡಿದು ನಿಲ್ಲಬೇಕು. ನಾನು ಪ್ರಕಟಿಸುವ ಮೊದಲು ಪ್ರತಿ ಸಲ ಆ ಡೈರಿಯ ಸಾಲನ್ನು ನೆನೆಯುತ್ತೇನೆ. ಹೇಳಬೇಕಾದ್ದನ್ನು ಬಿಡುವುದಕ್ಕಲ್ಲ, ಅವರ ಮುಖ ನೋಡಿಕೊಂಡು ಹೇಳುವ ಹಾಗೆ ಬರೆಯುವುದಕ್ಕೆ.

ಬರೆದು ಪಶ್ಚಾತ್ತಾಪ ಪಟ್ಟದ್ದಿದೆಯಾ?

ಇದೆ. ಒಂದು ಅಪ್ಪೆಮಿಡಿ ಮರ. ಹೊಳೆ ದಂಡೆಯಲ್ಲಿತ್ತು. ಅದರ ಸೊನೆಯ ವಾಸನೆಗೆ ಮರುಳಾಗಿ ಉದ್ದಕ್ಕೆ ಬರೆದೆ. ಯಾವ ಊರಿನಿಂದ ಹೇಗೆ ಹೋಗಬೇಕು, ಯಾವ ತಿರುವು, ಎಲ್ಲ. ತುಂಬ ಜನ ಮೆಚ್ಚಿದರು. ಮುಂದಿನ ವರ್ಷ ಮಿಡಿ ಕಾಲಕ್ಕೆ ಯಾರೋ ಗಾಡಿ ತಂದು ಮಿಡಿ ಕೊಯ್ಯುವ ಬದಲು ಕೊಂಬೆಗಳನ್ನೇ ಕಡಿದು ಹಾಕಿಕೊಂಡು ಹೋದರು. ಅಷ್ಟು ವರ್ಷ ಆ ಮರದಿಂದ ಉಪ್ಪಿನಕಾಯಿ ಹಾಕುತ್ತಿದ್ದ ಮನೆಯ ಹೆಂಗಸು ನನಗೆ ಬೈಯಲಿಲ್ಲ. "ನೀನು ಬರೆಯೋದು ಚೆನ್ನಾಗಿತ್ತು ತಮ್ಮಾ" ಅಂದರು. ಬೈದಿದ್ದರೆ ವಾಸಿ ಇತ್ತು.

ಆಮೇಲಿಂದ ಒಂದು ಪದ್ಧತಿ ಮಾಡಿಕೊಂಡೆ. ಕಾಡಿನ ಮರ, ಜೇನು, ಹಕ್ಕಿ ಗೂಡು, ಹಳೇ ಶಾಸನ, ವೀರಗಲ್ಲು, ನಿಧಿಯ ಕಥೆ ಇರುವ ಗುಡಿ, ಇವುಗಳ ಜಾಗವನ್ನು ಹೇಳುವುದಿಲ್ಲ. ತಾಲ್ಲೂಕಿನ ಹೆಸರು ಸಾಕು. ಸಣ್ಣ ಜಲಪಾತಗಳ ಬಗ್ಗೆಯೂ ಹೀಗೇ. ರೀಲ್ಸ್ ಮಾಡುವವರು ಬಂದು ಹೋದ ಮೇಲೆ ಬಾಟಲಿ ಹೆಕ್ಕುವವರು ಊರಿನವರು.

ರೋಗ, ಗಾಳಿಸುದ್ದಿ ಬಂದಾಗ ಏನು ಮಾಡಬೇಕು?

ಮಂಗನ ಕಾಯಿಲೆ ನಮ್ಮ ಕಡೆಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಆ ಕಾಡಿನ ಹೆಸರೇ ಕಾಯಿಲೆಗೆ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಕಾಣಿಸಿಕೊಂಡಾಗ ಜನ ನಡುಗಿಹೋದರು. ಸಾವುಗಳಾದವು. ಅದರ ಜೊತೆಗೆ ವಾಟ್ಸಾಪಿನಲ್ಲಿ ಬಂದದ್ದು ಹೇಳತೀರದು. ರೋಗಿಯನ್ನು ಮುಟ್ಟಿದರೆ ಬರುತ್ತೆ, ಆ ಊರಿನ ಹಾಲು ಕುಡಿಯಬೇಡಿ, ಅಲ್ಲಿಯವರನ್ನು ಬಸ್ಸಿಗೆ ಹತ್ತಿಸಬೇಡಿ.

ಆ ತಿಂಗಳು ನಾನು ನಾಲ್ಕೇ ಸಾಲಿನ ಒಂದು ಪುಟ ಮಾಡಿ ದಿನಾ ತಾರೀಖು ಬದಲಿಸಿದೆ. ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ, ಮನುಷ್ಯರಿಂದ ಮನುಷ್ಯರಿಗೆ ಅಲ್ಲ. ದರಕು (ಒಣ ಎಲೆ) ತರಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ತಿಳಿಸಿ. ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಅಷ್ಟೇ. ನನ್ನ ಅಭಿಪ್ರಾಯ, ಕಾಡಿನ ವರ್ಣನೆ ಒಂದೂ ಇಲ್ಲ. ಪ್ರತಿ ಸಾಲನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದವರ ಹತ್ತಿರ ಓದಿಸಿ ಹಾಕಿದೆ.

ಸತ್ತವರ, ಕಾಯಿಲೆ ಬಿದ್ದವರ ಹೆಸರು ಹಾಕಲಿಲ್ಲ. ಕೇಳಿದವರು ಬಹಳ ಮಂದಿ.

ಪಂಚಾಯ್ತಿ ವಿಷಯ ಬರೆಯಬಹುದಾ?

ಬರೆಯಲೇಬೇಕು. ಆದರೆ "ಎಲ್ಲ ತಿಂದುಹಾಕಿದರು" ಅಂತ ಬರೆಯುವುದರಲ್ಲಿ ಏನೂ ಇಲ್ಲ, ಅದನ್ನು ಕಟ್ಟೆ ಮೇಲೆ ಎಲ್ಲರೂ ಹೇಳುತ್ತಾರೆ. ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಂದಾದರೂ ಆಗಬೇಕು. ಎಷ್ಟು ಜನ ಬಂದಿದ್ದರು, ಯಾವ ಕೆಲಸಕ್ಕೆ ಎಷ್ಟು ಅಂತ ಓದಿದರು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ, ಅಷ್ಟು ಬರೆಯಿರಿ. ಮುಂದಿನ ಸಭೆಗೆ ಅದರ ಪ್ರಿಂಟ್ ಹಿಡಿದು ಹೋಗಿ. ಆಗ ನೋಡಿ ಮಜಾ.

ಲೆಕ್ಕ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ನನ್ನ ಮೊದಲ ಅರ್ಜಿ ಎರಡು ಪುಟ ಇತ್ತು, ಪೀಠಿಕೆಯಲ್ಲಿ ಗಾಂಧೀಜಿ ಬೇರೆ. ವಾಪಸ್ ಬಂತು. "ಇಂಥ ರಸ್ತೆಯ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೊಡಿ" ಅಂತ ಕೇಳಿದರೆ ಸಾಕು. ಸಿಕ್ಕ ಕಾಗದವನ್ನು ಹಾಗೇ ಹಾಕಿ. ವಿಶೇಷಣ ಬೇಡ, ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ಕೆಲಸ ಸರಿಯಾಗಿ ಆದಾಗಲೂ ಬರೆಯಿರಿ. ನಮ್ಮ ಬೀದಿಯ ಚರಂಡಿ ರಿಪೇರಿ ಆದ ದಿನ ಎರಡು ಸಾಲು ಹಾಕಿದ್ದಕ್ಕೆ ಪೌರಕಾರ್ಮಿಕರೊಬ್ಬರು ಮನೆಗೇ ಬಂದು ಅದನ್ನು ತೋರಿಸು ಅಂದರು. ಹೆಸರು ಬಂದಿರಲಿಲ್ಲ, ನನ್ನ ತಪ್ಪು. ಆಮೇಲೆ ಅವರನ್ನೇ ಕೇಳಿ ಸೇರಿಸಿದೆ.

ಕೇಸ್ ಹಾಕಿದರೆ?

ಬೆದರಿಕೆ ಜಾಸ್ತಿ, ಕೇಸ್ ಕಡಿಮೆ. ನಾನು ವಕೀಲ ಅಲ್ಲ, ತಿಳಿದಷ್ಟು ಹೇಳುತ್ತೇನೆ. ಜಾಲದಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಶಿಕ್ಷೆ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಪೂರ್ತಿ ತೆಗೆದುಹಾಕಿದೆ. ಇವತ್ತಿಗೂ ಕೆಲವರು ಅದನ್ನೇ ಹೇಳಿ ಹೆದರಿಸುತ್ತಾರೆ. ಆದರೆ ಮಾನನಷ್ಟದ ಕಾನೂನು ಈಗಲೂ ಇದೆ. ಮೊದಲು ಐಪಿಸಿ 499, 500, ಈಗ ಭಾರತೀಯ ನ್ಯಾಯ ಸಂಹಿತೆಯ 356. ಬರೆದದ್ದು ಸತ್ಯ ಅಂದರೆ ಮಾತ್ರ ಸಾಲದು, ಅದು ಜನರ ಒಳಿತಿಗಾಗಿ ಬರೆದದ್ದೂ ಆಗಿರಬೇಕು. ಒಬ್ಬರ ಮನೆಯ ಜಗಳ ಸತ್ಯವೇ ಇರಬಹುದು, ಅದರಿಂದ ಊರಿಗೇನು?

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಸಿಗುವ ಯಾವುದನ್ನೂ ಹಾಕಬೇಡಿ. ಅದು ಅಪರಾಧ. ಚಿಕ್ಕ ಊರಿನಲ್ಲಿ "ಇಂಥ ಬೀದಿಯ, ಇಂಥ ಕ್ಲಾಸಿನ ಹುಡುಗಿ" ಅಂದರೂ ಹೆಸರು ಹೇಳಿದ ಹಾಗೇ.

ಫೋಟೊಗಳು?

ಶಾಲೆ ಮಕ್ಕಳ ಮುಖ ಕಾಣುವ ಫೋಟೊವನ್ನು ಮನೆಯವರನ್ನು ಕೇಳದೆ ಹಾಕುವುದಿಲ್ಲ. ಸಾವಿನ ಮನೆಯಲ್ಲಿ ಫೋನನ್ನು ಜೇಬಿನಿಂದ ತೆಗೆಯುವುದಿಲ್ಲ. ಬೇರೆಯವರು ತೆಗೆದ ಫೋಟೊ ಆದರೆ ಕೇಳಿ, ಹೆಸರು ಹಾಕಿ. "ಗೂಗಲ್ಲಿನಿಂದ ತೆಗೆದುಕೊಂಡೆ" ಅನ್ನುವುದು ಅಪ್ಪಣೆ ಅಲ್ಲ.

ದುಡ್ಡು ಬರುತ್ತಾ?

ಇಲ್ಲ. ಒಂದು ಸಲ ರೆಸಾರ್ಟಿನವರೊಬ್ಬರು ಒಳ್ಳೆಯದಾಗಿ ಬರೆಯಿರಿ, ಎರಡು ದಿನ ಬಂದು ಉಳಿದುಕೊಳ್ಳಿ ಅಂದರು. ಮನೆ ಅಲ್ಲಿಂದ ಹನ್ನೆರಡು ಕಿಲೋಮೀಟರ್, ಉಳಿದುಕೊಂಡು ಏನು ಮಾಡಲಿ?

ಓದುವವರು ಯಾರು? ಊರಿನವರೇನಾ?

ಅರ್ಧದಷ್ಟು ಊರು ಬಿಟ್ಟವರು. ಬೆಂಗಳೂರಿನವರು ಜಾಸ್ತಿ, ಅಮೆರಿಕದವರು ರಾತ್ರಿ ಹೊತ್ತು. ಅವರಿಗೆ ಮಳೆ ಎಷ್ಟು ಬಂತು ಅನ್ನುವುದೂ ಬೇಕು. ಸಾಗರದ ಗಣಪತಿ ಕೆರೆ ತುಂಬಿದ ಫೋಟೊ ಹಾಕಿದರೆ ಎಲ್ಲೆಲ್ಲಿಂದಲೋ ಪತ್ರ ಬರುತ್ತದೆ. ಆದರೆ ಅವರ ಖುಷಿಗೆ ಬರೆಯಲು ಹೊರಟರೆ ಊರು ಬರೀ ಹಸಿರು, ಮಂಜು, ಹಲಸಿನ ಕಡುಬು ಆಗಿಬಿಡುತ್ತದೆ. ಇಲ್ಲಿ ಇರುವವರಿಗೆ ಕರೆಂಟಿಲ್ಲದ ನಾಲ್ಕು ದಿನವೂ ಇದೆ. ಅದನ್ನೂ ಬರೆಯಬೇಕು, ಅವರಿಗೆ ಇಷ್ಟ ಆಗದಿದ್ದರೂ.

ಬರೆದದ್ದೆಲ್ಲ ಒಂದು ದಿನ ಮಾಯವಾದರೆ?

ಆಗಬಹುದು. ಆರ್ಕುಟ್ 2014ರಲ್ಲಿ ಹೋಯಿತು, ಯಾಹೂ ಗ್ರೂಪ್ಸ್ 2020ರಲ್ಲಿ. ಅಲ್ಲಿ ನಮ್ಮ ಕಡೆಯವರು ಬರೆದದ್ದು ಎಷ್ಟಿತ್ತೋ. ವರ್ಷಕ್ಕೊಮ್ಮೆ, ನಾನು ದೀಪಾವಳಿ ರಜೆಯಲ್ಲಿ, ಪೂರ್ತಿ ಬ್ಲಾಗನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಮುಖ್ಯವಾದ ಪುಟಗಳನ್ನು ಜಾಲಪುಟಗಳ ಪ್ರತಿ ಕಾಪಾಡುವ ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಸೇರಿಸುತ್ತೇನೆ. ಅಜ್ಜ ಅಜ್ಜಿಯರ ಮಾತುಗಳನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಸಿ ಊರಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅದರ ಮೇಲೆ ಈಗಾಗಲೇ ಯಾರೋ ಚಹಾ ಚೆಲ್ಲಿದ್ದಾರೆ, ಅಂದರೆ ಓದುತ್ತಿದ್ದಾರೆ.

ಹಳೆಯದಾದ ಮಾಹಿತಿಯನ್ನು ಅಳಿಸಿಬಿಡಬೇಕಾ?

ಬೇಡ. ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದ. ತುಮರಿಯವರಿಗೆ ಈಗ ರಾತ್ರಿ ಹನ್ನೆರಡಕ್ಕೂ ಆಸ್ಪತ್ರೆಗೆ ಹೊರಡಬಹುದು. ನನ್ನ ಲಾಂಚ್ ಟೈಮಿನ ಪುಟದಿಂದ ಇನ್ನು ಯಾರಿಗೂ ಉಪಯೋಗ ಇಲ್ಲ ಅಂದುಕೊಂಡೆ. "ಈಗ ಸೇತುವೆ ಇದೆ, ಈ ವೇಳೆಗಳು ಹಳೆಯವು" ಅಂತ ಬರೆದು ಬಿಟ್ಟೆ.

ಸ್ವಲ್ಪ ದಿನಕ್ಕೆ ಒಂದು ಪತ್ರ ಬಂತು. ಆಚೆ ದಡದಿಂದ ಮದುವೆಯಾಗಿ ದೂರ ಹೋದವರು. "ಸಂಜೆಯ ಕೊನೆಯ ಲಾಂಚ್ ಎಷ್ಟಕ್ಕೆ ಅಂತ ನನಗೂ ತಂಗಿಗೂ ಜಗಳ ಆಗಿತ್ತು. ನಿಮ್ಮ ಪುಟ ನೋಡಿದೆವು. ಅವಳು ಹೇಳಿದ್ದೇ ಸರಿ" ಅಂತ ಇತ್ತು.